ಗಂಡು ಪಂಜರದಲ್ಲಿ ಹನ್ನೊಂದು ಮರಿ

ಮುಧೋಳದ ಕಡೆಯಿಂದ ಕಾಮಾಕ್ಷಿಪಾಳ್ಯಕ್ಕೆ ಬಂದಿದ್ದ ಶಂಕ್ರವ್ವನಿಗೆ ೨೦೦೪ರಲ್ಲಿ ವಿಜಯನಗರದ ಒಂದು ಫಾರ್ಮಸಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಪ್ರಯೋಗಕ್ಕೆಂದು ಸಾಕಿದ ಬಿಳಿ ಇಲಿಗಳಿಗೆ ನೀರು, ತಿನಿಸು ಇಡಬೇಕು. ಪಂಜರಕ್ಕೆ ಹೊಸ ಭತ್ತದ ಹೊಟ್ಟು ಹಾಸಬೇಕು. ಊರಲ್ಲಿ ಇಲಿ ಕಂಡರೆ ಕಸಬರಿಗೆ ಹಿಡಿದು ಓಡುತ್ತಿದ್ದವಳು ತಿಂಗಳೊಳಗೆ ಅವುಗಳ ಜೊತೆ ಮನೆಸುದ್ದಿ ಮಾತಾಡತೊಡಗಿದಳು.

ಒಂದು ಸಂಜೆ, ‘ಗಂಡು’ ಎಂದು ಚೀಟಿ ಅಂಟಿಸಿದ್ದ ಪಂಜರದ ಮುಂದೆ ನಿಂತು ಉಪನ್ಯಾಸಕಿ ಅನಂತಲಕ್ಷ್ಮಿಯನ್ನು ಕರೆದು, ಒಳಗಿನ ದಪ್ಪ ಇಲಿಯೊಂದನ್ನು ತೋರಿಸಿದಳು.

“ಮೇಡಂ, ಇದು ಬಸುರಿ ಐತ್ರಿ.”

“ಅಯ್ಯೋ, ಇದ್ರಲ್ಲಿರೋದೆಲ್ಲಾ ಗಂಡೇ ಕಣಮ್ಮಾ. ತಿಂದು ದಪ್ಪ ಆಗಿದೆ ಅಷ್ಟೆ.”

“ನಾಕು ಹಡದಾಕಿ ನಾ. ನನಗ ತಿಳಿಯೂದಿಲ್ಲೇನ್ರಿ?”

ಅನಂತಲಕ್ಷ್ಮಿ ನಗುತ್ತಾ ಹೊರಟರು. ಶಂಕ್ರವ್ವ ಸುಮ್ಮನಿರದೆ ಆ ಇಲಿಯನ್ನು ಖಾಲಿ ಪಂಜರಕ್ಕೆ ಬಿಟ್ಟು, ಗೂಡು ಕಟ್ಟಲು ಕಾಗದ ಹರಿದು ಹಾಕಿದಳು.

ಬೆಳಿಗ್ಗೆ ನೋಡಿದರೆ ಹನ್ನೊಂದು ಮರಿ! ಕಣ್ಣು ತೆರೆದಿಲ್ಲ, ಕೂದಲಿಲ್ಲ, ನೆನೆಸಿದ ಶೇಂಗಾದಂತೆ ಕೆಂಪುಕೆಂಪು. ಮೂರು ಮಹಡಿ ಇಳಿದು ಓಡಿ, ನಾಯಂಡಹಳ್ಳಿಯ ಗೋಡೌನಿನಲ್ಲಿ ಕೆಲಸಕ್ಕಿದ್ದ ಗಂಡ ಯಲ್ಲಪ್ಪನಿಗೆ ಕಾಯಿನ್ ಬೂತಿನಿಂದ ಫೋನ್ ಮಾಡಿದಳು.

“ಏನ್ರೀ, ಹನ್ನೊಂದು ಆಗ್ಯಾವ್ರಿ! ತಾಯಿ ಆರಾಮ ಅದಾಳ!”

ಊರಲ್ಲಿದ್ದ ಬಸುರಿ ಮಗಳು ಗುರುದೇವಿಗೆ ಆಗ ಒಂಬತ್ತು ತಿಂಗಳು ತುಂಬಿತ್ತು. “ಏ, ನಮ್ಮ ಗುರುದೇವಿಗೆ ಹನ್ನೊಂದಾ?” ಎಂದು ಯಲ್ಲಪ್ಪ ಕಿರುಚಿದ. ಶಂಕ್ರವ್ವನಿಗೆ ನಗು ಉಕ್ಕಿ, ‘ಇಲಿ’ ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೊಂದು ಕಾಯಿನ್ ಹಾಕಿ ಗಂಡನ ಜೀವ ಉಳಿಸಬೇಕಾಯಿತು.

ಮರಿಗಳನ್ನು ನೋಡಿದ ಅನಂತಲಕ್ಷ್ಮಿ, ಹೆಣ್ಣೊಂದನ್ನು ಗಂಡೆಂದು ಆ ಪಂಜರಕ್ಕೆ ಬಿಟ್ಟುಬಿಟ್ಟಿದ್ದೇವೆ ಎಂದು ಹಣೆ ಬಡಿದುಕೊಂಡು ನಕ್ಕರು. ಹಾಲು ಕುಡಿದಿದ್ದರೆ ತೆಳು ಚರ್ಮದೊಳಗೆ ಹೊಟ್ಟೆ ಬೆಳ್ಳಗೆ ಕಾಣುತ್ತದೆ ಎಂದು ತೋರಿಸಿದರು. ಹತ್ತು ಮರಿಗಳಲ್ಲಿ ಆ ಬಿಳಿ ಕಾಣುತ್ತಿತ್ತು. ತೀರ ಸಣ್ಣದೊಂದರಲ್ಲಿ ಕಾಣಲಿಲ್ಲ.

“ಬರಿಗೈಲಿ ಮುಟ್ಬೇಡಿ. ಬೇರೆ ವಾಸನೆ ಬಂದ್ರೆ ತಾಯೀನೇ ತಿಂದ್ಬಿಡಬಹುದು.”

ಶಂಕ್ರವ್ವ ಗ್ಲೌಸ್ ಹಾಕಿ, ಅದೇ ಪಂಜರದ ಹೊಟ್ಟಿನಲ್ಲಿ ಕೈ ಉಜ್ಜಿಕೊಂಡು, ದಪ್ಪ ಮರಿಗಳನ್ನು ಸ್ವಲ್ಪ ಸರಿಸಿ ಸಣ್ಣದನ್ನು ತಾಯಿಯ ಹೊಟ್ಟೆಗೆ ಒತ್ತಿಟ್ಟಳು. ತಿಂಡಿಯನ್ನೂ ತಿನ್ನದೆ ಸ್ಟೂಲಿನ ಮೇಲೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಅದರ ಹೊಟ್ಟೆಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಕಂಡಿತು.

“ಕುಡದಾನ್ರೀ ಮೇಡಂ! ಕುಡದಾನ!” ಎನ್ನುತ್ತಾ ಅನಂತಲಕ್ಷ್ಮಿಯ ಎರಡೂ ಕೈ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿಸಿದಳು. ಬಿಳಿ ಕೋಟಿನ ಮೇಡಂ ಬೇಡ ಎನ್ನಲಿಲ್ಲ. ಇನ್ನೊಂದು ಸುತ್ತು ತಾವೇ ತಿರುಗಿದರು.

ಸಂಜೆ ಬಸ್ಸಿನಲ್ಲಿ ತನ್ನಷ್ಟಕ್ಕೇ ನಗುತ್ತಾ ಕೂತವಳಿಗೆ ಕಾಮಾಕ್ಷಿಪಾಳ್ಯ ದಾಟಿದ್ದೇ ತಿಳಿಯಲಿಲ್ಲ. ಸುಂಕದಕಟ್ಟೆಯಲ್ಲಿ ಕಂಡಕ್ಟರ್ ಕೇಳಿದ: “ಏನಮ್ಮಾ, ಸ್ಟಾಪ್ ಬಿಟ್ಬಿಟ್ರಾ?”

“ಇರಲಿ ಬಿಡೋ ತಮ್ಮಾ,” ಎಂದು ಇಳಿದು, ಮಾಗಡಿ ರಸ್ತೆಯಲ್ಲಿ ಅಷ್ಟೂ ದೂರ ಹಿಂದಕ್ಕೆ ನಡೆದೇ ಮನೆ ಸೇರಿದಳು.