ಎದುರುಮನೆ ಅಂಕಲ್ ಎದುರು

ಮೊನ್ನೆ ಉತ್ತರಹಳ್ಳಿ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಪರ್ಸಿನಿಂದ ಒಂದಿಷ್ಟು ಸೋಂಪು ತೆಗೆದು ಬಾಯಿಗೆ ಹಾಕಿಕೊಂಡರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟು ಎದ್ದು ಕೂತಿತು. ಎದುರುಮನೆ ಅಂಕಲ್ ನೆನಪಾದರು.

ಸುಬ್ರಹ್ಮಣ್ಯಪುರದಲ್ಲಿ ನಮ್ಮದು ಬಾಡಿಗೆ ಮನೆ, ಎದುರಿನದು ಅವರ ಸ್ವಂತದ್ದು. ಹೊಲ ಮಾರಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು, ಬೇರೆ ಕೆಲಸವಿರಲಿಲ್ಲ. ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸಂಜೆಯಾದರೆ ಅಂಕಲ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದರು. ಇಬ್ಬರೂ ಕುಡಿದು ಬಂದ ಮೇಲೆ, ಗೇಟಿನ ಹತ್ತಿರ ಅಪ್ಪನ ಅಂಗೈಗೆ ಸೋಂಪು ಸುರಿದು, ನನಗೂ ಒಂದು ಚಿಟಿಕೆ ಕೊಟ್ಟು, “ಅಮ್ಮಂಗೆ ಹೇಳ್ಬೇಡ ಪುಟ್ಟಿ” ಅನ್ನುತ್ತಿದ್ದರು…

ಒಮ್ಮೆ ಅಪ್ಪ ಕುಡಿತ ಬಿಟ್ಟರು. ಹೇಗೆ ಬಿಟ್ಟರೋ, ಆ ಬೇಸಿಗೆ ಪೂರ್ತಿ ಮುಟ್ಟಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಮತ್ತೆ ಹಾಡಿಕೊಳ್ಳತೊಡಗಿದ್ದಳು. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಅಂಕಲ್ ಪೇಪರಿನಲ್ಲಿ ಸುತ್ತಿದ ಬಾಟಲಿ ಹಿಡಿದು ಬಾಗಿಲಿಗೆ ಬಂದರು. “ಮಗಳು ಫಸ್ಟ್ ಕ್ಲಾಸು, ಗುರು! ಇವತ್ತೊಂದಿನ ಏನಾಗಲ್ಲ.”

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಬಾಟಲಿ ನೋಡಿದರು.

ಆ ಒಂದು ದಿನ ಮುಗಿಯಲೇ ಇಲ್ಲ. ನಾನು ಡಿಗ್ರಿ ಸೇರುವ ಹೊತ್ತಿಗೆ ಅಪ್ಪ ಇರಲಿಲ್ಲ. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅಂಕಲ್ ಮೊದಲಿಗರು. ಅವತ್ತೂ ಅವರ ಬಾಯಲ್ಲಿ ಸೋಂಪಿತ್ತು. ಇವರನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ಆದರೆ ಅದೇ ಹಾಳು ಚಟ ನನಗೂ ಅಂಟಿತು. ಬಿಟಿಎಂ ಲೇಔಟಿನಲ್ಲಿ ಕೆಲಸ, ಒಂಟಿ ರೂಮು. ಮೊದಲು ಶುಕ್ರವಾರ ಮಾತ್ರ, ಆಮೇಲೆ ದಿನಾ. ಕೈ ನಡುಗಿ ಆಫೀಸಿನಲ್ಲಿ ಕಾಫಿ ಕಪ್ಪು ಹಿಡಿಯಲಾಗದ ದಿನ ಬಾತ್‌ರೂಮಿನಲ್ಲಿ ಕೂತು ಫೋನಿನಲ್ಲಿ ಹುಡುಕಿದೆ. ಕುಡಿತ ಬಿಡುವವರ ಮೀಟಿಂಗು, ಶನಿವಾರ ಸಂಜೆ, ಜೆ.ಪಿ. ನಗರದ ಒಂದು ಶಾಲೆಯ ಮಹಡಿ. ಹೋದರೆ ಬೋರ್ಡಿಲ್ಲ, ಏನಿಲ್ಲ. ಕೊನೆಗೆ ಎಳನೀರಿನವನ ಮುಂದೆ ನಿಂತು “ಇಲ್ಲಿ ಮೀಟಿಂಗು…” ಎಂದು ತಡವರಿಸಿದೆ. “ಮೇಲ್ಗಡೆ ಅಕ್ಕ. ಇನ್ನೂ ಶುರುವಾಗಿಲ್ಲ, ಹೋಗಿ,” ಅಂದ, ತಲೆ ಎತ್ತದೆ.

ಮಹಡಿಯಲ್ಲಿ ಒಬ್ಬ ಮುದುಕರು ಪೇಪರ್ ಲೋಟಗಳಿಗೆ ಟೀ ಬಗ್ಗಿಸುತ್ತಿದ್ದರು. ಸೋಂಪಿನ ವಾಸನೆ. ನನ್ನತ್ತ ತಿರುಗಿದಾಗ ಅವರ ಕೈಯಲ್ಲಿದ್ದ ಟೀ ಚೆಲ್ಲಿತು. ಅಂಕಲ್! ಕುಡಿತ ಬಿಟ್ಟು ವರ್ಷಗಳಾಗಿದ್ದವಂತೆ. ಆ ಮೀಟಿಂಗ್ ನಡೆಸುವವರೇ ಅವರಂತೆ.

ಹೊರಟುಬಿಡಬೇಕೆನಿಸಿತು. ಇನ್ನೆಲ್ಲಿಗೆ ಹೋಗುವುದು? ಅವರ ಎದುರಿನ ಕುರ್ಚಿಯಲ್ಲೇ ಕೂತೆ. ನನ್ನ ಸರದಿ ಬಂದಾಗ ಹೆಸರು ಹೇಳಿದೆ, ನಾನೂ ಕುಡಿಯುತ್ತೇನೆ ಎಂದೆ. ಆಮೇಲೆ ಆ ಬೇಸಿಗೆಯ ಕಥೆ ಹೇಳಿದೆ. ಬಾಟಲಿ ತಂದವರು ಯಾರೆಂದು ಮಾತ್ರ ಹೇಳಲಿಲ್ಲ. ಸುಮ್ಮನೆ ಅವರ ಮುಖವನ್ನೇ ನೋಡುತ್ತ ಹೇಳಿದೆ.

ಮೆಟ್ಟಿಲಿಳಿಯುವಾಗ ಹಿಂದೆಯೇ ಬಂದರು. “ಮುಂದಿನ ವಾರ ಬರ್ತೀಯಲ್ಲಮ್ಮ?”

“ಬರ್ತೀನಿ. ನೀವೂ ತಪ್ಪಿಸ್ಬೇಡಿ.”

ಪ್ರತಿ ಶನಿವಾರ ಹೋದೆ, ಪ್ರತಿ ಶನಿವಾರ ಅದನ್ನೇ ಹೇಳಿದೆ. ಒಂದು ವಾರ ಅಮ್ಮನ ಹಾಡು, ಇನ್ನೊಂದು ವಾರ ಆಸ್ಪತ್ರೆಯಲ್ಲಿ ಉಬ್ಬಿದ್ದ ಅಪ್ಪನ ಹೊಟ್ಟೆ. ಅವರು ತಲೆ ತಗ್ಗಿಸಿದಷ್ಟೂ ನನಗೆ ಹಿತವಾಗುತ್ತಿತ್ತು. ಕುಡಿದು ಹೋದರೆ ಮಾತಾಡಲು ಬಿಡುವುದಿಲ್ಲವಲ್ಲ, ಅದಕ್ಕೇ ವೈನ್ ಶಾಪ್ ಇರುವ ರಸ್ತೆಯನ್ನೇ ಬಿಟ್ಟೆ. ಒಮ್ಮೆ ಯಾರೋ, “ಮೇಡಂ, ಇಲ್ಲಿ ನಮ್ ನಮ್ ಬಗ್ಗೆ ಮಾತ್ರ ಹೇಳ್ಕೋಬೇಕು” ಎಂದಾಗ ಅಂಕಲ್ಲೇ ತಡೆದರು. “ಬಿಡಿ ಸಾರ್. ಹೇಳ್ಲಿ.”

ಒಂದು ಶನಿವಾರ ಅವರೇ ಎದ್ದು ನಿಂತರು. “ಈ ಮಗು ಹೇಳ್ತಿರೋ ಬಾಟ್ಲಿ ತಗೊಂಡ್ಹೋದವನು ನಾನೇ,” ಅಂದರು. ಆಮೇಲೆ ಒಬ್ಬೊಬ್ಬರೇ ಹೋಗಿ ಅವರ ಕೈ ಹಿಡಿದುಕೊಂಡರು. ನನ್ನ ಮೈ ಉರಿದುಹೋಯಿತು. ಸತ್ತದ್ದು ನನ್ನಪ್ಪ, ಸಮಾಧಾನ ಇವರಿಗೆ! ಮುಂದಿನ ವಾರ ಒಂದು ಅಕ್ಷರ ಬಿಡದೆ ಮತ್ತೆ ಹೇಳಿದೆ.

ಹೋದ ಮಳೆಗಾಲದಲ್ಲಿ ಅವರು ಬರುವುದು ನಿಂತಿತು. ತಪ್ಪಿಸಿಕೊಂಡರೆಂದು ಕೆರಳಿ, ಎಷ್ಟೋ ವರ್ಷಗಳ ಮೇಲೆ ಆ ಬೀದಿಗೆ ಹೋದೆ. ಅವರ ಮನೆಯ ಹಾಲ್‌ನಲ್ಲಿ ಹಾರ ಹಾಕಿದ ಅವರ ಫೋಟೊ. ಹಾರ್ಟ್ ಅಟ್ಯಾಕ್ ಅಂತೆ. ಆಂಟಿ ನನ್ನ ಗುರುತು ಹಿಡಿದು ಕೂರಿಸಿದರು.

“ಜ್ವರ ಇದ್ರೂ ಕೇಳ್ತಿರ್ಲಿಲ್ಲ ಕಣಮ್ಮ. ಶನಿವಾರ ಆದ್ರೆ ಹೊರಟುಬಿಡೋರು. ನಾನು ಹೋಗ್ಲಿಲ್ಲ ಅಂದ್ರೆ ಆ ಹುಡುಗಿ ಕುಡೀತಾಳೆ, ನನ್ನ ಬೈಯೋಕಾದ್ರೂ ಬರ್ಲಿ ಅನ್ನೋರು.”

ನಾನು ಅವರಿಗೆ ಕೊಡುತ್ತಿದ್ದ ಶಿಕ್ಷೆಯನ್ನು ಅವರು ನನಗೆ ಔಷಧಿ ಮಾಡಿಕೊಟ್ಟಿದ್ದರು. ಕೃತಜ್ಞತೆ ಬರಲಿಲ್ಲ. ಉಳಿದಿದ್ದ ಸೇಡನ್ನೂ ಕಸಿದುಕೊಂಡರಲ್ಲ ಎಂದು ಫೋಟೊದ ಮುಂದೆ ಹಲ್ಲು ಕಚ್ಚಿ ನಿಂತೆ…

ಈಗಲೂ ಶನಿವಾರ ಹೋಗುತ್ತೇನೆ. ಕುಡಿದಿಲ್ಲ. ಕ್ಷಮಿಸಿಯೂ ಇಲ್ಲ. ನನ್ನ ಸರದಿ ಬಂದಾಗ ಹೆಸರು ಹೇಳುತ್ತೇನೆ, ಎದುರಿನ ಕುರ್ಚಿ ನೋಡುತ್ತೇನೆ, ಅಲ್ಲಿ ಯಾರೋ ಹೊಸಬರು ಕೂತಿರುತ್ತಾರೆ. ಹೇಳುವುದು ಇನ್ನೂ ಬೇಕಾದಷ್ಟಿದೆ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಒಬ್ಬನೇ ಮನುಷ್ಯ ಹೋಗಿಬಿಟ್ಟ.