ರೇಣುಕವ್ವ ಜೋಡಿ ಇನ್ವರ್ಟರ್ ತಂದದ್ದು

ಕಾಖಂಡಕಿಯ ಪರಮೇಶ್ವರಪ್ಪ ಡೋಣಿ ಹೊಳೆ ತುಂಬಿ ಹರಿಯುವಾಗ ಹೆಗಲ ಮೇಲೆ ಕರು ಹೊತ್ತು ಆಚೆ ದಡ ಸೇರಿದವನು. ಅವನ ಮಗಳು ಮುದುಕವ್ವ ಸೂಲಗಿತ್ತಿ. ಊರಿನ ಅರ್ಧ ಜನ ಮೊದಲು ಕಣ್ಣು ಬಿಟ್ಟದ್ದು ಅವಳ ಅಂಗೈಯಲ್ಲಿ. ಹೆರಿಗೆಗೆ ಕರೆಯಬಂದವರು ಬಂಡಿ ತಂದಿಲ್ಲವೆಂದು ಕೈ ಹಿಸುಕಿಕೊಂಡರೆ, "ಕೂಸು ಬಂಡಿ ಹಾದಿ ಕಾಯ್ತೈತೇನ?" ಎಂದು ಬೈದು ತಾನೇ ಮುಂದೆ ಓಡುತ್ತಿದ್ದಳಂತೆ. ಆ ಮುದುಕವ್ವನ ಮೊಮ್ಮಗಳೇ ರೇಣುಕವ್ವ. ಲಗ್ನವಾಗಿ ಬಬಲೇಶ್ವರಕ್ಕೆ, ನಮ್ಮ ಓಣಿಯ ಶಿವಯೋಗೆಪ್ಪನ ಮನೆಗೆ ಬಂದಳು.

ಅವಳ ಅತ್ತೆ ಗೌರಾಬಾಯಿಯ ಮಾತೇ ಬೇರೆ. ಎಳೆಯ ಪ್ರಾಯದಲ್ಲಿ ಗಂಡ ತೀರಿದ. ಆದರೂ ಒಂದು ಗುಂಟೆ ಹೊಲ ಮಾರದೆ ಎರಡು ಗಂಡುಮಕ್ಕಳನ್ನು ದಡ ಮುಟ್ಟಿಸಿದಳು. ಹಿರಿಯ ಶಿವಯೋಗೆಪ್ಪ ಊರಲ್ಲೇ ಒಕ್ಕಲುತನಕ್ಕೆ ನಿಂತ. ಕಿರಿಯ ಸಿದ್ದರಾಮ ವಿಜಯಪುರದಲ್ಲಿ, ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಕಿರಾಣಿ ಅಂಗಡಿ ಹಾಕಿದ. ಸೊಸೆಯಂದಿರು ಬಂದ ಮೇಲೆ ಮುದುಕಿ ಒಂದು ಕಾಯ್ದೆ ಮಾಡಿದಳು: ಈ ಮನೆಗೆ ಏನು ಬಂದರೂ ಜೋಡಿಯಾಗಿ ಬರಬೇಕು. ನೆಗೆಣ್ಣಿಯರಿಗೆ, ಅಂದರೆ ಅಣ್ಣತಮ್ಮಂದಿರ ಹೆಂಡಿರಿಗೆ, ಒಂದೇ ಬಣ್ಣದ ಒಂದೇ ಅಂಚಿನ ಜೋಡಿ ಸೀರೆ ಉಡಿಸುವುದು ನಮ್ಮ ಕಡೆ ಹಿಂದಿನಿಂದ ಬಂದದ್ದೇ. ಗೌರಾಬಾಯಿ ಅದನ್ನು ಸೀರೆಯಿಂದ ಕೊಡಕ್ಕೆ, ಕೊಡದಿಂದ ಮಿಕ್ಸರಿಗೆ, ಮಿಕ್ಸರಿನಿಂದ ಎಮ್ಮೆಗೆ ತಂದಳು. ಪೇಟೆಯಲ್ಲಿದ್ದ ಕಿರಿಯ ಸೊಸೆ ನಂದಾಗೆ ಎಮ್ಮೆ ಕಟ್ಟಲು ಜಾಗವೇ ಇರಲಿಲ್ಲ. ಆದರೂ ಅವಳ ಹೆಸರಿನದೊಂದು ಎಮ್ಮೆ ಬಬಲೇಶ್ವರದ ಕೊಟ್ಟಿಗೆಯಲ್ಲಿ ಮೇವು ತಿನ್ನುತ್ತಿತ್ತು.

ನಗುವ ಮಾತಲ್ಲ. ನಂದಾಳ ಕುಬಸದ, ಅಂದರೆ ಸೀಮಂತದ, ಹೊತ್ತಿಗೆ ತಂದ ಇಳಕಲ್ಲ ಸೀರೆಗಳಲ್ಲಿ ಒಂದರ ಅಂಚು ಬೆರಳಗಲ ಕಡಿಮೆ ಬಿತ್ತು. ಅದು ನಂದಾಳ ಪಾಲಿಗೇ ಹೋಯಿತು. ಅವಳು ಸೀರೆ ಮಡಿಚಿಟ್ಟು ತವರಿಗೆ ಹೋದವಳು, ಕೂಸು ಅಂಬೆಗಾಲಿಡುವ ತನಕ ಈ ಹೊಸ್ತಿಲು ತುಳಿಯಲಿಲ್ಲ. ಅಂದಿನಿಂದ ರೇಣುಕವ್ವನಿಗೆ ಬೆರಳಗಲದ ಅಂಜಿಕೆ. ಗೌರಾಬಾಯಿ ಹೋದ ಮೇಲೆ ಮನೆಯ ಯಜಮಾನಿಕೆ ಅವಳ ಕೈಗೆ ಬಂತು. ಹೊಲ ಇನ್ನೂ ಪಾಲಾಗಿಲ್ಲ, ಅಣ್ಣತಮ್ಮಂದಿರ ಹೆಸರುಗಳು ಒಂದೇ ಪಹಣಿ ಉತಾರದಲ್ಲಿವೆ. ತನ್ನ ಕೈಯಲ್ಲಿ ಈ ಮನೆ ಒಡೆಯಬಾರದು ಎನ್ನುವುದೊಂದೇ ಅವಳ ಹಟ. ಅದಕ್ಕಾಗಿ ಅವಳು ಉಪ್ಪಿನಕಾಯಿ ಭರಣಿಗಳನ್ನೂ ಎರಡು ಕೈಯಲ್ಲಿ ಒಂದೊಂದು ಎತ್ತಿ ತೂಗಿ ನೋಡಿಯೇ ಕಳಿಸುವವಳು.

ಹೋದ ವರ್ಷ ಸೋಲಾರಿನ ಮಾತು ಬಂತು. ಇಲ್ಲಿ ರೇಣುಕವ್ವ ಶ್ಯಾವಿಗೆ ಮಶಿನ್ನು ಮತ್ತು ಹಿಟ್ಟಿನ ಗಿರಣಿ ನಡೆಸುತ್ತಾಳೆ. ಅಲ್ಲಿ ನಂದಾ ಖಾರಪುಡಿ, ಮಸಾಲೆ ಕುಟ್ಟುವ ಯಂತ್ರ ಇಟ್ಟಿದ್ದಾಳೆ. ಎರಡೂ ಹಗಲಿಡೀ ಕರೆಂಟು ಕುಡಿಯುವಂಥವು. ಬಿಸಿಲಿಗಂತೂ ನಮ್ಮ ಸೀಮೆಯಲ್ಲಿ ಕೊರತೆ ಇಲ್ಲ. ತಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ಡುಗಳಿಗೆ ಸೋಲಾರ್ ಕೂಡಿಸಿ ಹೆಸರು ಮಾಡಿದ ಸತೀಶಕುಮಾರನನ್ನು ಕರೆಸಿದರು. ಅವನು ಎರಡೂ ಮನೆಯ ಮೇಲೆ ಹತ್ತಿ ಇಳಿದು, ಬಬಲೇಶ್ವರದ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತ. ನಾನೂ ಅಲ್ಲೇ ಇದ್ದೆ.

"ಅವ್ವಾರ, ನಿಮ್ಮ ಮುಂದಿನ ಮನಿ ಮಣ್ಣಿನ ಮಾಳಗಿ. ಅದರ ಮ್ಯಾಲ ಮೊಳಿ ಹೊಡದ್ರ ಮಳಿಗಾಲದಾಗ ನೀವು ಛತ್ರಿ ಹಿಡಕೊಂಡು ರೊಟ್ಟಿ ಬಡೀಬೇಕಾಕ್ಕೈತಿ" ಎಂದ.

"ಸೋರಬಾರದಂತ ವರ್ಷಾ ಹಾಳಮಣ್ಣ ಹೊತ್ತು ಹಾಕಿ ಕಾಯ್ಕೊಂಡ ಬಂದೇವಿ. ಅದರ ಸುದ್ದಿಗೆ ಹೋಗಬ್ಯಾಡ ತಮ್ಮಾ" ಎಂದಳು ರೇಣುಕವ್ವ.

"ಅದಕ್ಕ ಹಿಂದಿನ ತಗಡಿನ ಪತ್ರಾಸ ಮ್ಯಾಲ ಸೋಲಾರ್ ಫಲಕ ಕೂಡಸೂಣು. ತೆಂಕಣ ಕಡೆ ಇಳಿಜಾರ ಐತಿ, ಸುತ್ತ ಒಂದ ಗಿಡಾ ಇಲ್ಲ, ಬೆಳಗಿಂದ ಸಂಜೀತನಾ ಬಿಸಲ. ಬಿಸಲಿನ ಕರೆಂಟ ಮನಿ ಕರೆಂಟ ಮಾಡೂ ಪೆಟಗಿಗೆ ಇನ್ವರ್ಟರ್ ಅಂತಾರ, ಇಲ್ಲಿಗೆ ಒಂದ ದೊಡ್ಡದ ಸಾಕು. ಗ್ವಾಡಿಗೆ ಹಚ್ಚತೀವಿ, ಎಲ್ಲಾ ಫಲಕ ಒಂದ ತಂತಿಗೆ ಪೋಣಸ್ತೀವಿ. ಪ್ಯಾಟಿ ಮನಿ ಸ್ಲ್ಯಾಬಿಂದು. ಮಟ್ಟಸ ಐತಿ ಖರೆ, ಪಡುವಣದಾಗ ಆ ಮೂರ ಅಂತಸ್ತಿನ ಕಟ್ಟಡಾ ನಿಂತೈತಲ್ರಿ, ಮಧ್ಯಾಹ್ನದ ಮ್ಯಾಲ ಅದರ ನೆಳ್ಳ ಬೀಳತೈತಿ. ಅಲ್ಲಿಗೆ ಸಣ್ಣ ಇನ್ವರ್ಟರ್ ಹಾಕಬೇಕು. ಒಂದೊಂದ ಫಲಕದ ಬೆನ್ನಿಗೆ ಒಂದೊಂದು."

ಶಿವಯೋಗೆಪ್ಪನಿಗೆ ಇದು ತಲೆಗೆ ಹೋಗಲಿಲ್ಲ. ಸತೀಶಕುಮಾರ ಒಕ್ಕಲಿಗರ ಮನೆಯ ಹುಡುಗನೇ, ಕಣದ ಭಾಷೆಯಲ್ಲಿ ಹೇಳಿದ: "ಹಂತಿ ಹೊಡಿಯೂದ ನೋಡೀರಲ್ರಿ ಕಾಕಾ? ಮೇಟಿಗೆ ಒಂದ ಹಗ್ಗದಾಗ ಎಂಟ ಎತ್ತ ಕಟ್ಟಿರಿ. ಒಂದ ಕುಂಟಿದ್ರ ಎಂಟೂ ಕುಂಟತಾವು. ದೊಡ್ಡ ಪೆಟಗಿ ಅಂದ್ರ ಹಂಗ. ಒಂದೆರಡ ಫಲಕಕ್ಕ ನೆಳ್ಳ ಬಿದ್ರ ಉಳದಾವೂ ಸೊರಗತಾವು. ಸಣ್ಣವು ಅಂದ್ರ ಒಂದೊಂದ ಎತ್ತಿಗೆ ಒಂದೊಂದ ಮೇವಿನ ಚೀಲಾ ಕಟ್ಟಿದಂಗ. ಒಂದ ಮಲಗಿದ್ರ ಉಳದಾವು ಮೇಯ್ತಾವು."

"ಹಂಗಾರ ಎರಡೂ ಕಡೆ ಸಣ್ಣವನ್ನ ಹಾಕು" ಎಂದ ಶಿವಯೋಗೆಪ್ಪ.

"ಬ್ಯಾಡ್ರಿ. ನಿಮ್ಮ ಪತ್ರಾಸ ಬ್ಯಾಸಿಗ್ಯಾಗ ಹಂಚಿನಂಗ ಕಾಯತೈತಿ. ಫಲಕದ ಬುಡಕ ಇಟ್ಟ ಪೆಟಗಿ ಕಾದ ಕಾದ ಆಯುಷ್ಯಾ ಕಳಕೋತೈತಿ. ಕೆಟ್ರ ಪತ್ರಾಸ ಏರಿ ಬಿಚ್ಚವ್ರ ಯಾರು? ಇಲ್ಲಿ ದೊಡ್ಡದು, ಅಲ್ಲಿ ಸಣ್ಣವು. ಅದ ಬರೋಬ್ಬರಿ."

ರೇಣುಕವ್ವ ಎಲ್ಲ ಕೇಳಿಸಿಕೊಂಡಳು. ತಿಳಿಯಲಿಲ್ಲವೆಂದಲ್ಲ, ಕಿರಾಣಿ ಅಂಗಡಿಯವರಿಗೂ ಲೆಕ್ಕ ಹೇಳಿಕೊಡುವ ಹೆಣ್ಣು ಅವಳು. ಆದರೆ ಅವಳ ಕಣ್ಣ ಮುಂದೆ ನಿಂತದ್ದು ಬಿಸಿಲೂ ಅಲ್ಲ, ನೆರಳೂ ಅಲ್ಲ. ತನ್ನ ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುತ್ತ ದೊಡ್ಡ ಪೆಟ್ಟಿಗೆ ಗೌಡನಂತೆ ಕುಳಿತಿರುತ್ತದೆ, ನಂದಾಳ ಗೋಡೆ ಬೋಳಾಗಿರುತ್ತದೆ. ನೋಡಿದವರು ಕೇಳದೆ ಬಿಟ್ಟಾರೆಯೇ?

"ಎರಡೂ ಮನಿಗೆ ದೊಡ್ಡದ ಬರ್ಲಿ" ಎಂದಳು.

"ಅವ್ವಾರ, ನಾನು ಇಷ್ಟೊತ್ತು ಹೇಳಿದ್ದು..."

"ಕೇಳೇನಪಾ. ನೀ ಮಾಳಗಿ ನೋಡಿ ಹೇಳಿದಿ, ನಾ ಮನಿ ನೋಡಿ ಹೇಳಾಕತ್ತೇನಿ. ಒಂದ ಕಂಪನಿ, ಒಂದ ಬಣ್ಣ. ಜೋಡಿ."

ಸತೀಶಕುಮಾರ ನನ್ನ ಮುಖ ನೋಡಿದ. ನಾನು ಚಹಾದ ಬಸಿ ನೋಡಿದೆ. ಆ ಮನೆಯ ಜೋಡಿಯ ವಿಷಯದಲ್ಲಿ ಬಾಯಿ ಹಾಕಿದವರು ಯಾರೂ ಉದ್ಧಾರವಾಗಿಲ್ಲ.

ಪೆಟ್ಟಿಗೆಗಳು ಕುಳಿತವು. ಎರಡಕ್ಕೂ ಒಂದೇ ದಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಬಬಲೇಶ್ವರದ್ದು ಮೊದಲ ದಿನದಿಂದಲೇ ಹಾಲು ಕರೆದಂತೆ ಕರೆಂಟು ಕರೆಯಿತು. ಬಿಲ್ಲು ಬೆರಳ ಉಗುರಷ್ಟಾಯಿತು. ಲೈನಿನ ಕರೆಂಟು ಹೋದರೆ ತಾನೂ ಸುಮ್ಮನಾಗುತ್ತಿತ್ತು, ಬ್ಯಾಟರಿ ಇಲ್ಲವಲ್ಲ. "ಸೂರ್ಯಾ ನೆತ್ತಿಮ್ಯಾಲ ಇದ್ರೂ ಇದು ನಿದ್ದಿ ಮಾಡತೈತಲ್ಲೋ" ಎಂದು ಓಣಿಯವರು ನಕ್ಕರು. ಅಷ್ಟು ಬಿಟ್ಟರೆ ಕುಂದಿಲ್ಲ.

ಗಾಂಧಿ ಚೌಕದ ಹಿಂದಿನದು ಹಾಗಾಗಲಿಲ್ಲ. ಬೆಳಿಗ್ಗೆ ಚೆನ್ನಾಗಿ ಓಡುತ್ತಿದ್ದದ್ದು ಊಟದ ಹೊತ್ತಿಗೆ ಮಂಕಾಗಿ, ಆಮೇಲೆ ಕಣ್ಣೇ ಮುಚ್ಚುತ್ತಿತ್ತು. ನಂದಾಳ ಯಂತ್ರಕ್ಕೆ ಗಿರಾಕಿ ಬರುವುದೇ ಆ ಹೊತ್ತಿಗೆ. ಬಿಲ್ಲು ಇಳಿಯಲೊಲ್ಲದು. ಚೈತ್ರದಲ್ಲಿ ಶ್ಯಾವಿಗೆ ಒಯ್ಯಲೆಂದು ಗಂಡಹೆಂಡಿರಿಬ್ಬರೂ ಬಬಲೇಶ್ವರಕ್ಕೆ ಬಂದಾಗ ನಂದಾ ಗೋಡೆಯ ಪೆಟ್ಟಿಗೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಕ್ಕಾ, ನಿಂದು ಹಾಡಾಕತ್ತೈತಿ. ನಂದು ಅಳತೈತಿ."

"ಅಳೂದ್ಯಾಕ? ಎರಡೂ ಒಂದ ಅಲ್ಲೇನು?"

"ಒಂದ ಅಂತ ನೀ ಅಂದಿ. ತೆಂಗಿನಕಾಯಿನೂ ಹೊರಗಿಂದ ಒಂದ ಥರಾನ ಕಾಣತಾವು. ಹುಳಕ ಯಾವುದು, ನಿಚ್ಚಳ ಯಾವುದು ಅಂತ ಆರಿಸಿದವರಿಗೆ ಗೊತ್ತು."

ಸಿದ್ದರಾಮ ಹೆಂಡತಿಯನ್ನು ಸುಮ್ಮನಾಗಿಸಲಿಲ್ಲ. ಅಂಗಳದಲ್ಲಿ ಉಗುಳಿ ಬಂದು ಅಣ್ಣನ ಕಡೆ ನೋಡದೆಯೇ, "ಇಂಥಾವು ನಡೀತಿದ್ರ ತಂತಮ್ಮದು ತಾವು ನೋಡಕೊಳ್ಳೂದು ಚೊಲೋ" ಎಂದ. ಪಾಲು ಎಂಬ ಮಾತನ್ನು ಅವನ ಬಾಯಿ ಆಡಲಿಲ್ಲ. ಆದರೂ ಅದು ಬಂದು ಪಡಸಾಲೆಯಲ್ಲಿ ಕುಳಿತುಬಿಟ್ಟಿತು. ಶಿವಯೋಗೆಪ್ಪ ದನಕ್ಕೆ ನೀರು ಕುಡಿಸುವ ನೆಪದಲ್ಲಿ ಎದ್ದುಹೋದ.

ಜಗಳ ಬರಬಾರದೆಂದು ಒಂದೇ ಥರದ್ದು ತಂದರೆ, ಜಗಳ ಅದರಲ್ಲೇ ಮೊಟ್ಟೆ ಇಟ್ಟಿತ್ತು. ಬೇರೆಯವಳಾಗಿದ್ದರೆ ದೇವರ ಮುಂದೆ ದೀಪ ಮುಟ್ಟಿ ಆಣೆ ಮಾಡುತ್ತಿದ್ದಳು, ಇಲ್ಲವೆ ಸತೀಶಕುಮಾರನ ತಲೆಗೆ ಕಟ್ಟುತ್ತಿದ್ದಳು. ರೇಣುಕವ್ವ ಮರುದಿನ ಮೊದಲ ಬಸ್ಸಿಗೆ ಕುಳಿತು ನಂದಾಳ ಮನೆಗೆ ಹೋದಳು. "ಊಟಾ ಮಾಡಾಕ ಬಂದಿಲ್ಲ. ನಿನ್ನ ಮಾಳಗಿ ಮ್ಯಾಲ ಕುಂದ್ರಾಕ ಬಂದೇನಿ" ಎಂದಳಂತೆ. ನಂದಾ ಮುಖ ಗಂಟಿಕ್ಕಿಕೊಂಡೇ ಮೇಲೆ ಚಾಪೆ ಹಾಸಿಕೊಟ್ಟಳು.

ಆ ಸ್ಲ್ಯಾಬಿನ ಮೇಲೆ ಫಲಕಗಳು ಒಂದು ಕಡೆ, ನಂದಾಳ ಬ್ಯಾಡಗಿ ಮೆಣಸಿನಕಾಯಿ ಒಂದು ಕಡೆ. ಪಡುವಣದ ಗೋಡೆಯ ಬುಡದಲ್ಲಿ ತಾಡಪತ್ರಿಯ ಮೇಲೆ ಮೆಣಸಿನಕಾಯಿ ಕೆಂಪಗೆ ಒಣಗುತ್ತಿದ್ದವು. ರೇಣುಕವ್ವ ಸೆರಗು ತಲೆಗೆ ಎಳೆದುಕೊಂಡು ಕುಳಿತಳು. ಕೆಳಗೆ ಆಟೋಗಳ ಗದ್ದಲ. ಮಧ್ಯಾಹ್ನ ಆಗುತ್ತಿದ್ದಂತೆ ನಂದಾ ಮೇಲೆ ಬಂದು ತಾಡಪತ್ರಿಯ ಎರಡು ತುದಿ ಹಿಡಿದು ಮೆಣಸಿನಕಾಯಿಯನ್ನು ಮೂಡಣ ಕಡೆಗೆ ಎಳೆಯತೊಡಗಿದಳು.

"ಅದನ್ಯಾಕ ಎಳೀತಿ?" ಎಂದಳು ರೇಣುಕವ್ವ.

"ಎಳೀಲಾರದ ಏನ ಮಾಡ್ಲಿ? ಆ ದೈತ್ಯ ಕಟ್ಟಡದ ನೆಳ್ಳ ಬರತೈತಿ. ದಿನಾ ಎಳಿಯೂದ. ನನ್ನ ನಡಾ ಇದರಾಗ ಹೋತು."

"ಮೆಣಸಿನಕಾಯಿ ಎಳೀತಿ. ಅವನ್ನ ಯಾರ ಎಳೀತಾರು?"

ನಂದಾ ತಿರುಗಿ ನೋಡಿದಳು. ಕಟ್ಟಡದ ನೆರಳು ತಾಡಪತ್ರಿ ಬಿಟ್ಟ ಜಾಗ ದಾಟಿ, ಮೊದಲ ಫಲಕದ ಅಂಚಿಗೆ ಬಂದಿತ್ತು. ಇಬ್ಬರೂ ನೋಡುತ್ತಿದ್ದಂತೆ ಅದು ಮೈಮೇಲೆ ಏರಿತು, ಎರಡನೆಯದಕ್ಕೂ ಹಬ್ಬಿತು. ನಂದಾ ಕೆಳಗೆ ಓಡಿಹೋಗಿ ಪೆಟ್ಟಿಗೆಯ ಅಂಕಿ ನೋಡಿ ಬಂದಳು.

"ಇಳಿದೈತಿ ಅಕ್ಕಾ. ಅರ್ಧಕ್ಕಿಂತ ಕೆಳಗ."

"ಹುಳಕ ಕಾಯಿ ಎಲ್ಲಿತ್ತು ನೋಡಿದೇನ? ಪೆಟಗ್ಯಾಗ ಇಲ್ಲ. ಆ ಸತೀಶ ನನಗ ಆವತ್ತ ಇದನ್ನ ಹೇಳಿದ್ದ. ಹಂತಿ ಎತ್ತಿನ ಗತೆ ಒಂದ ಕುಂಟಿದ್ರ ಎಲ್ಲಾ ಕುಂಟತಾವ ಅಂದಿದ್ದ. ನಿನಗ ಸಣ್ಣವನ್ನ ಹಾಕತೀನಿ ಅಂದ್ರೂ ನಾನ ಬ್ಯಾಡ ಅಂದೆ."

"ಯಾಕ ಬ್ಯಾಡ ಅಂದಿ?"

"ನೀ ಮುನಸ್ಕೋತಿ ಅಂತ."

ನಂದಾ ತಾಡಪತ್ರಿಯ ತುದಿ ಕೈಯಲ್ಲೇ ಹಿಡಿದು ಅಲ್ಲೇ ಕುಳಿತಳು. ಆಮೇಲೆ ಏನಾಯಿತೆಂದು ಕೇಳಿದರೆ ಇಬ್ಬರೂ ಬೇರೆಬೇರೆ ಹೇಳುತ್ತಾರೆ. ನಂದಾ ತಾನು ಅತ್ತುಬಿಟ್ಟೆ ಎನ್ನುತ್ತಾಳೆ. ಮೆಣಸಿನಕಾಯಿ ಘಾಟಿಗೆ ಅವಳ ಕಣ್ಣಲ್ಲಿ ನೀರು ಬಂತು, ಅಷ್ಟೇ ಎನ್ನುತ್ತಾಳೆ ರೇಣುಕವ್ವ.

ಸತೀಶಕುಮಾರ ಮತ್ತೆ ಬಂದ. "ನಾ ಹೇಳಿರಲಿಲ್ಲೇನ್ರಿ" ಎನ್ನಲು ಬಾಯಿ ತೆರೆದವನು ರೇಣುಕವ್ವನ ಮುಖ ನೋಡಿ ನುಂಗಿಕೊಂಡ. ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿ ತಿಕೋಟಾದ ಯಾರದೋ ದ್ರಾಕ್ಷಿ ಶೆಡ್ಡಿಗೆ ಒಯ್ದ. ಫಲಕಗಳ ಬೆನ್ನಿಗೆ ಸಣ್ಣವನ್ನು ಕೂಡಿಸಿದ. ಸ್ಲ್ಯಾಬಿನ ಮೇಲೆ ಫಲಕಗಳು ಆಳೆತ್ತರದ ಕಂಬಗಳ ಮೇಲೆ ನಿಂತಿದ್ದರಿಂದ ಕೆಳಗೆ ಗಾಳಿ ಆಡುತ್ತಿತ್ತು, ಪೆಟ್ಟಿಗೆಗಳು ಕಾದು ಕೆಡುವ ಭಯವಿಲ್ಲ. ಬಿಚ್ಚಿದ ಗೋಡೆಯ ಮೇಲೆ ಬರೀ ನಾಲ್ಕು ತೂತು ಉಳಿದವು.

"ಬಂದವರು ನಿಮ್ಮ ಮಶಿನ್ನ ಎಲ್ಲಿ ಅಂದ್ರ ಏನ ತೋರಸ್ಲಿ?" ಎಂದಳು ನಂದಾ.

"ಕ್ಯಾಲೆಂಡರ್ ಹಾಕು, ತಾರೀಖ ತೋರಸು."

ಈಗ ಮಧ್ಯಾಹ್ನ ಎರಡು ಫಲಕ ನೆರಳಿನಲ್ಲಿ ಮಲಗಿದರೂ ಉಳಿದವು ತಮ್ಮ ಪಾಡಿಗೆ ದುಡಿಯುತ್ತವೆ. ಯಂತ್ರ ಸಂಜೆಯ ತನಕ ಖಾರ ಕುಟ್ಟುತ್ತದೆ. ಬಿಲ್ಲು ಇಳಿಯಿತು. ಸಿದ್ದರಾಮ ಬೇರೆಯಾಗುವ ಮಾತನ್ನು ಮತ್ತೆ ಎತ್ತಿಲ್ಲ. ಇನ್ನೆಂದೂ ಎತ್ತುವುದಿಲ್ಲವೆಂದು ನಾನು ಬರೆದುಕೊಡಲಾರೆ. ನೆರಳು ಒಂದು ಕಡೆಯಿಂದಲೇ ಬರುತ್ತದೆಯೇ?

ಆದರೆ ನಂದಾಗೆ ಹೊಸದೊಂದು ಮುಳ್ಳು ಚುಚ್ಚತೊಡಗಿತು. ಸಣ್ಣವು ದುಬಾರಿ, ಅಕ್ಕನದು ಅಗ್ಗದ್ದು. ಈ ಸಲ ಬೆರಳಗಲ ಕಡಿಮೆಯಾದದ್ದು ಅಕ್ಕನ ಪಾಲಿಗೆ. ಹೋದ ತಿಂಗಳು ಮಸಾಲೆ ಕುಟ್ಟಿಸಲು ಹೋಗಿದ್ದ ನಾನು ರೇಣುಕವ್ವನೊಡನೆ ಊರಿಗೆ ಮರಳುವವನಿದ್ದೆ. ನಂದಾ ಬಸ್‌ಸ್ಟ್ಯಾಂಡಿನ ತನಕ ಬಂದಳು. ಜೈನಾಪುರದ ಮೇಲೆ ಬಬಲೇಶ್ವರಕ್ಕೆ ಹೋಗುವ ಬಸ್ಸು ಆಗಲೇ ಗುರುಗುಡುತ್ತ ನಿಂತಿತ್ತು. ನಂದಾ ಖಾರಪುಡಿಯ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು, "ಅಕ್ಕಾ, ನಮ್ಮ ಮನಿಯವರಿಗೆ ಹೇಳೇನಿ. ನಿನ್ನ ದೊಡ್ಡ ಪೆಟಗಿ ತಗಸಿ ನಿನಗೂ ಸಣ್ಣವನ್ನ ಹಾಕಸ್ತೀವಿ. ರೊಕ್ಕಾ ನಮ್ಮದು. ಜೋಡಿ ಮುರೀಬಾರದಲ್ಲ" ಎಂದಳು.

ರೇಣುಕವ್ವ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿ ನಿಂತಳು. ಹಿಂದಿನವರು "ಹತ್ತ ಬೇ ಯವ್ವಾ, ಹೊತ್ತಾತು" ಎಂದು ನೂಕುತ್ತಿದ್ದರು. ಅವಳು ಕದಲಲಿಲ್ಲ.

"ಬ್ಯಾಡ ನಂದಾ. ನನ್ನ ಪತ್ರಾಸ ಮ್ಯಾಲ ಬಿಸಲ ಬೇಕಾದಷ್ಟು ಐತಿ, ನೆಳ್ಳಿಲ್ಲ. ನೀ ಪ್ರೀತಿಲೆ ತಂದ ಸಣ್ಣವು ಅಲ್ಲಿ ಬೆಂದ ಹೋಗತಾವು, ಆಮ್ಯಾಲ ನೀ ಮನಸ್ಸಿಗೆ ಹಚ್ಕೋತಿ. ನಿನಗ ಬೇಕಾಗಿದ್ದು ನಿನಗ ಬಂತು, ನನಗ ಬೇಕಾಗಿದ್ದು ನನ್ನ ಗ್ವಾಡಿಮ್ಯಾಲ ಐತಿ. ಸಿದ್ದರಾಮಗ ಹೇಳು, ನಿಮ್ಮ ರೊಕ್ಕಾ ನನಗ ಬ್ಯಾಡ. ಕೊಡ, ಚೀಲಾ ಇತ್ತ ಕೊಡ. ನಾ ಹೊರತೀನಿ."