ಮೊಲದ ಆಪರೇಶನ್ ಆದ ಮರುದಿನ

ಆ ಶುಕ್ರವಾರ ಬೆಳಿಗ್ಗೆ ಹನ್ನೊಂದಾದರೂ ನಮ್ಮ ಮೊಲ ಒಂದೇ ಒಂದು ಹಿಕ್ಕೆ ಹಾಕಿರಲಿಲ್ಲ. ಎಷ್ಟು ಸಣ್ಣದು ಬಿದ್ದರೂ ಕಾಣಲೆಂದು ನೆಲಕ್ಕೆ ಹಳೆಯ ಬಿಳಿ ಚಾದರ ಹಾಸಿದ್ದೆ. ಹತ್ತು ನಿಮಿಷಕ್ಕೊಮ್ಮೆ ಮಂಡಿಯೂರಿ ಕೂತು ನೋಡುತ್ತಿದ್ದೆ. ಚಾದರ ಬೆಳ್ಳಗೇ ಇತ್ತು. ಮೊಲ ಗೋಡೆಯ ಕಡೆ ಮುಖ ಮಾಡಿ, ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಮುಂದೆ ಇಟ್ಟಿದ್ದ ಕೊತ್ತಂಬರಿ ಬಾಡಿತ್ತು.

ಹಿಂದಿನ ದಿನ ಪಣಜಿಯಲ್ಲಿ ಅದರ ಗರ್ಭಕೋಶ ತೆಗೆಸಿಕೊಂಡು ಬಂದಿದ್ದೆವು. ನಾವಿರುವುದು ಗೋವಾದ ಫೋಂಡಾದಲ್ಲಿ, ಪಣಜಿಯಿಂದ ಸುಮಾರು ಒಂದು ತಾಸಿನ ದಾರಿ. ನನ್ನ ಗಂಡನಿಗೆ ಮಡ್ಕಯಿಯ ಕಾರ್ಖಾನೆಯಲ್ಲಿ ಕೆಲಸ, ನನಗೆ ಇಲ್ಲೇ ಒಂದು ವಿಮಾ ಕಚೇರಿಯಲ್ಲಿ. ಮೊಲ ಮಗಳದು. ಅವಳು ಓದಲು ಬೆಳಗಾವಿಯ ಹಾಸ್ಟೆಲಿಗೆ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಒಂದು ವರ್ಷದಿಂದ ಅದು ಮತ್ತೆ ಮತ್ತೆ ಎದೆಯ ಕೂದಲನ್ನು ತಾನೇ ಕಿತ್ತುಕೊಂಡು, ಒಣಹುಲ್ಲು ಸೇರಿಸಿ, ಸೋಫಾದ ಕೆಳಗೆ ಗೂಡು ಕಟ್ಟುತ್ತಿತ್ತು. ಮರಿ ಇಲ್ಲ, ಗಂಡು ಮೊಲದ ಸುಳಿವೂ ಇಲ್ಲ. ಆದರೂ ಆ ಗೂಡಿನ ಹತ್ತಿರ ಯಾರಾದರೂ ಹೋದರೆ ಗುರ್ ಎನ್ನುತ್ತಿತ್ತು. ಪಣಜಿಯ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಒಳಗೆ ಏನೋ ದಪ್ಪಗಾಗಿದೆ, ಹೀಗೇ ಬಿಟ್ಟರೆ ಹೆಣ್ಣು ಮೊಲಗಳಿಗೆ ಗಡ್ಡೆಯಾಗುವುದು ಬಹಳ, ತೆಗೆಸಿಬಿಡಿ ಎಂದರು.

ಆಗ ಧಾರವಾಡದಿಂದ ಅವ್ವ ಬಂದಿದ್ದಳು. ವಿಷಯ ಕೇಳಿದ್ದೇ ಅವಳ ಮುಖ ಬಿಗಿಯಿತು.

"ತನ್ನ ಪಾಡಿಗೆ ತಾ ಇರೂ ಜೀವಕ್ಕ ಯಾಕ ಕತ್ತರಿ ಹಾಕಸ್ತಿ?" ಎಂದಳು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ವಿವರಿಸಿದೆ. ಅವಳು ಕೇಳಿಸಿಕೊಂಡಳು, ಒಪ್ಪಲಿಲ್ಲ. ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಹಳೆಯ ಕಾಲದವಳು, ಏನೋ ಪಾಪ ಪುಣ್ಯದ ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಂಡೆ. ಆದರೆ ಗುರುವಾರ ಬೆಳಿಗ್ಗೆ ಹೊರಡುವಾಗ ಅವಳೇ ಮೊದಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೋಗುವಾಗಲೂ ಬರುವಾಗಲೂ ಬುಟ್ಟಿ ಅವಳ ತೊಡೆಯ ಮೇಲೇ ಇತ್ತು.

ಡಾಕ್ಟರು ಕಳಿಸುವಾಗ ಎರಡು ಮಾತು ಒತ್ತಿ ಹೇಳಿದ್ದರು. ಮೊಲದ ಕರುಳು ನಿಲ್ಲಬಾರದು. ತಿನ್ನುವುದು ನಿಂತರೆ ಕರುಳು ನಿಲ್ಲುತ್ತದೆ, ಕರುಳು ನಿಂತರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ತಾನಾಗಿ ತಿನ್ನದಿದ್ದರೆ ಹುಲ್ಲಿನ ಪುಡಿಯನ್ನು ಬೆಚ್ಚಗಿನ ನೀರಲ್ಲಿ ಕಲಸಿ ಸಿರಿಂಜಿನಲ್ಲಿ ಬಾಯಿಗೆ ಹಾಕಬೇಕು. ಎರಡನೆಯದು ನೋವಿನ ಔಷಧ, ಶುಕ್ರವಾರದಿಂದ ದಿನಕ್ಕೆರಡು ಸಲ.

ಗುರುವಾರ ಸಂಜೆ ಅದು ಎರಡು ಎಸಳು ಕೊತ್ತಂಬರಿ ತಿಂದಿತ್ತು. ಅಷ್ಟಕ್ಕೇ ನಾನು ಹಿಗ್ಗಿ ಮಗಳಿಗೆ ಫೋಟೋ ಕಳಿಸಿದ್ದೆ. ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಉಳಿದ ಎಸಳುಗಳು ಹಾಗೇ ಇದ್ದವು. ಔಷಧ ಕುಡಿಸಿದೆ. ಒಂಬತ್ತಕ್ಕೆ ಹುಲ್ಲಿನ ಪುಡಿಯ ಗಂಜಿ ಕಲಸಿ ಬಾಯಿಯ ಪಕ್ಕದಿಂದ ಹಾಕಿದೆ. ಅರ್ಧ ಗದ್ದದಿಂದ ಇಳಿದು ಎದೆಗೆ ಅಂಟಿತು. ಮಗಳು ಫೋನ್ ಮಾಡಿ, "ಅಮ್ಮಾ, ಹೆಂಗೈತಿ? ತಿಂತೇನು?" ಎಂದಳು. "ಚಲೋ ಐತಿ, ಮಲ್ಕೊಂಡೈತಿ" ಎಂದು ಸುಳ್ಳು ಹೇಳಿ ಇಟ್ಟೆ.

ಹನ್ನೊಂದೂವರೆಗೆ ಅದು ಹಲ್ಲು ಕಡಿಯಲು ಶುರುಮಾಡಿತು. ಮುದ್ದು ಮಾಡಿದಾಗ ಮೆಲ್ಲಗೆ ಮಾಡುವ ಸದ್ದಲ್ಲ. ಒಳಗಿನಿಂದ ಬರುವ, ಕಲ್ಲಿಗೆ ಕಲ್ಲು ಉಜ್ಜಿದಂಥ ಸದ್ದು. ಕಾರ್ಖಾನೆಯ ಒಳಗೆ ಫೋನ್ ಇಟ್ಟುಕೊಳ್ಳುವಂತಿಲ್ಲ, ಗಂಡನಿಗೆ ಹೇಳುವ ದಾರಿ ಇರಲಿಲ್ಲ. ಡಾಕ್ಟರ ನಂಬರಿಗೆ ನಾಲ್ಕು ಸಲ ಮಾಡಿದೆ, ಎತ್ತಲಿಲ್ಲ. ದವಾಖಾನೆಗೆ ಮಾಡಿದೆ. ಅಲ್ಲಿದ್ದ ಸಹಾಯಕಿ, ಮೇಡಂ ವಾಳಪೈ ಕಡೆ ದನ ನೋಡಲು ಹೋಗಿದ್ದಾರೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ, ಮೊದಲ ದಿನ ಬಹಳ ಮೊಲಗಳು ತಿನ್ನುವುದಿಲ್ಲ, ಸಂಜೆಯ ತನಕ ನೋಡಿ ಎಂದಳು. ಅವಳ ದನಿಯಲ್ಲಿ ಗಾಬರಿ ಇರಲಿಲ್ಲ. ನನಗೂ ಅದನ್ನೇ ನಂಬುವ ಆಸೆಯಿತ್ತು.

"ಏನಂದ್ರು?" ಅವ್ವ ಅಡುಗೆಮನೆಯಿಂದ ಬಂದಳು.

"ಸಂಜಿ ತನಕ ನೋಡ್ರಿ ಅಂದ್ರವ್ವ."

ಅವ್ವ ಸೀರೆ ಸಾವರಿಸಿಕೊಂಡು, ಮೊಳಕಾಲಿನ ನೋವಿಗೆ ಮುಖ ಹಿಂಡುತ್ತ ನೆಲಕ್ಕೆ ಕೂತಳು. ಮೊಲವನ್ನು ಮುಟ್ಟಲಿಲ್ಲ, ಸುಮ್ಮನೆ ನೋಡಿದಳು. ಮೊಲ ಎದ್ದು, ಎರಡು ಹೆಜ್ಜೆ ಸರಿದು, ಮತ್ತೆ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಕೂತಿತು.

"ಇಕಿಗೆ ನೋವು ಆಗಾಕತ್ತೇತಿ."

"ನೋವಿನ ಔಷಧ ಕೊಟ್ಟೇನಲ್ಲ."

"ಎಷ್ಟ ಕೊಟ್ಟಿ? ತೋರಸು."

ನನಗೆ ಸಿಟ್ಟು ಬಂತು. ಚಾರ್ಟ್ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ, ಎಷ್ಟು ಗಂಟೆಗೆ ಏನು ಎಂದು. ಎದ್ದು ಹೋಗಿ ಔಷಧದ ಸಿರಿಂಜ್ ತಂದು, ಕೊಟ್ಟ ಗೆರೆಯನ್ನು ಉಗುರಿನಿಂದ ತೋರಿಸಿದೆ. ಅದು ನಾಯಿಗಳ ಔಷಧದ ಜೊತೆ ಬರುವ ಸಿರಿಂಜ್. ಅದರ ಮೇಲೆ ನಾಯಿಯ ತೂಕ ಅಚ್ಚಾಗಿರುತ್ತದೆ. ಮೊಲದ ತೂಕ ಎರಡು ಕಿಲೋ. ಎರಡರ ಗೆರೆಗೆ ಎಳೆದು ಕೊಟ್ಟಿದ್ದೆ.

ಅವ್ವ ಕನ್ನಡಕ ಹಾಕಿಕೊಂಡು ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇಷ್ಟಲ್ಲ. ಅವರು ನೀಲಿ ಪೆನ್ನಿಲೆ ಗೆರಿ ಹಾಕಿದ್ರು. ಇಲ್ಲಿ, ನಡಕ್ಕಿಂತ ಮ್ಯಾಲ. ಎಲ್ಲಿ ಹೋತು ಅದು?"

"ಯಾವ ಗೆರಿ?"

"ನೀ ಅವರ ಮಾರಿ ನೋಡ್ಕೋತ ಹೂಂ ಹೂಂ ಅನ್ನಾಕತ್ತಿದ್ದಿ. ನಾ ಅವರ ಕೈ ನೋಡಾಕತ್ತಿದ್ನಿ."

ಅಷ್ಟು ಹೇಳಿದ್ದೇ ತಡ, ಎಲ್ಲ ನೆನಪಾಯಿತು. ಮೊಲಕ್ಕೆ ನಾಯಿಗಿಂತ ಹೆಚ್ಚು ಬೇಕು, ಕಿಲೋದ ಗೆರೆ ನೋಡಬೇಡಿ, ನಾನು ಹಾಕಿದ ಗುರುತಿನ ತನಕ ಎಳೆಯಿರಿ ಎಂದು ಡಾಕ್ಟರು ಅರ್ಧ ಹಿಂದಿ ಅರ್ಧ ಕೊಂಕಣಿಯಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. ಮನೆಗೆ ಬಂದು ನಾನು ಮೊದಲು ಮಾಡಿದ ಕೆಲಸ, ಸಿರಿಂಜುಗಳನ್ನು ಬಿಸಿನೀರು, ಸೋಪು ಹಾಕಿ ಚೊಕ್ಕ ತೊಳೆದದ್ದು. ಗೆರೆ ಸಿಂಕಿನಲ್ಲಿ ಹರಿದುಹೋಗಿತ್ತು. ಹೊಟ್ಟೆ ಕೊಯ್ದ ಮರುದಿನ ಆ ಜೀವಕ್ಕೆ ನಾನು ಕೊಟ್ಟದ್ದು ಒಂದು ಹನಿಯಷ್ಟು ಔಷಧ.

ಮತ್ತೆ ದವಾಖಾನೆಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಈ ಸಲ ಸಹಾಯಕಿಯ ದನಿ ಬದಲಾಯಿತು. ನೀವಾಗಿ ಹೆಚ್ಚು ಕೊಡಬೇಡಿ, ಹೇಗಾದರೂ ಮೇಡಮ್ಮನ್ನು ಹಿಡಿಯುತ್ತೇನೆ ಎಂದಳು. ಇಪ್ಪತ್ತೈದು ನಿಮಿಷ ನಾನು ಫೋನನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಮಳೆಗಾಲ ಮುಗಿದ ಮೇಲಿನ ಆ ಅಕ್ಟೋಬರ್ ಸೆಖೆಯಲ್ಲಿ ಫ್ಯಾನ್ ನಿಂತರೆ ಮನುಷ್ಯರೇ ಬೇಯುತ್ತಾರೆ. ಅವ್ವ ಪೇಪರ್ ಮಡಚಿ ಮೊಲಕ್ಕೆ ಗಾಳಿ ಹಾಕತೊಡಗಿದಳು.

ಡಾಕ್ಟರು ವಾಳಪೈ ಹತ್ತಿರದ ಯಾವುದೋ ರಸ್ತೆಯ ಬದಿಯಿಂದ ಮಾತಾಡಿದರು. ಬೈಯಲಿಲ್ಲ. ಎಷ್ಟು ಕೊಟ್ಟಿರಿ ಎಂದು ಎರಡು ಸಲ ಕೇಳಿ, ಉಳಿದ ಪ್ರಮಾಣವನ್ನು ಈಗಲೇ ಕೊಡಿ ಎಂದು ಅಳತೆ ಹೇಳಿದರು. ಅರ್ಧ ತಾಸು ಬಿಟ್ಟು ಗಂಜಿ ಹಾಕಿ, ಗಾಯ ಬಿಟ್ಟು ಹೊಟ್ಟೆಯ ಪಕ್ಕವನ್ನು ಮೆಲ್ಲಗೆ ಸವರಿ, ಕಿವಿ ಇಟ್ಟು ಕರುಳಿನ ಸದ್ದು ಕೇಳಿ. ಹೊಟ್ಟೆ ಬಿಗಿದು ತಮಟೆಯಂತಾದರೆ ಒಂದು ನಿಮಿಷವೂ ಕಾಯದೆ ಹೊರಟುಬಿಡಿ, ಇಲ್ಲವಾದರೂ ನಾಲ್ಕರ ತನಕ ಏನೂ ಆಗದಿದ್ದರೆ ತನ್ನಿ, ನಾನು ಅಷ್ಟರಲ್ಲಿ ಪಣಜಿಯಲ್ಲಿರುತ್ತೇನೆ ಎಂದರು.

ಔಷಧ ಕೊಟ್ಟೆ. ಈ ಸಲ ಅವ್ವ ಸಿರಿಂಜ್ ನೋಡಿ ಹೂಂ ಎಂದ ಮೇಲೆಯೇ ಬಾಯಿಗೆ ಹಾಕಿದ್ದು.

ಅರ್ಧ ತಾಸು ಕಾಯಬೇಕಿತ್ತು. ಮೊಲವನ್ನು ಟವೆಲಿನ ಮೇಲೆ ಮಲಗಿಸಿಕೊಂಡು ನಾವಿಬ್ಬರೂ ನೆಲದ ಮೇಲೆ ಕೂತೆವು. ನಾನು ಅಳುತ್ತಿದ್ದೆ ಎಂದು ಕಾಣುತ್ತದೆ. ಅವ್ವ ನನ್ನ ಕಡೆ ನೋಡದೆ ಹೇಳಿದಳು:

"ನನಗ ಆಪರೇಶನ್ ಆದಾಗ ನಿನಗ ಏಳು ವರ್ಷ."

"ಗೊತ್ತೈತಿ. ದೊಡ್ಡವ್ವನ ಮನಿಗೆ ಕಳಿಸಿದ್ರಿ ನನ್ನ." ನನಗೆ ನೆನಪಿದ್ದದ್ದು ದೊಡ್ಡವ್ವ ಹೊಲಿಸಿಕೊಟ್ಟ ಹೂವಿನ ಫ್ರಾಕು ಮಾತ್ರ. ತಿರುಗಿ ಮನೆಗೆ ಬಂದಾಗ ಅವ್ವ ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು.

"ಗರ್ಭಕೋಶ ತಗದು ಮನಿಗೆ ಕಳಿಸಿದ ಮ್ಯಾಲ ನಾ ನಾಕ ದಿನ ಉಂಡಿದ್ದಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗತಿದ್ನಿ. ಸಿಟ್ಟಿಗೆದ್ದಾಳ ಅಂದ್ರು. ತವರಮನಿಯಿಂದ ಯಾರೂ ನೋಡಾಕ ಬರಲಿಲ್ಲಂತ ಮುನಸು ಹಿಡದಾಳ ಅಂದ್ರು ನಿಮ್ಮಜ್ಜಿ."

"ಖರೇನ ಸಿಟ್ಟಿತ್ತೇನ?"

"ಎಲ್ಲಿ ಸಿಟ್ಟು! ನೋವಿತ್ತು. ನೋವಿದ್ರ ಅನ್ನ ನೋಡಿದ ಕೂಡ್ಲೇ ಓಕರಿಕಿ ಬರತೇತಿ. ದವಾಖಾನಿಯವ್ರು ಗುಳಿಗಿ ಕೊಟ್ಟಿದ್ರು. ಹುಡುಗರ ಕೈಗೆ ಸಿಗಬಾರದಂತ ಮ್ಯಾಲಿನ ಹಲಗಿ ಮ್ಯಾಲ ಇಟ್ಟುಬಿಟ್ಟಿದ್ರು. ಕೈ ಎತ್ತಿದ್ರ ಹೊಟ್ಟಿ ಹರದಂಗ ಆಗತಿತ್ತು."

"ಕೇಳಬೇಕಿಲ್ಲವ್ವ? ಅಪ್ಪಗ ಹೇಳಬೇಕಿಲ್ಲ?"

"ಅಂಥಾ ಜಾಗಾದ ನೋವು, ಗಂಡಸರ ಮುಂದ ಹೆಂಗ ಹೇಳೂದು? ಅತ್ತಿಗೆ ಹೇಳಿದ್ರ, ನಾವೆಲ್ಲಾ ಹಡದಿಲ್ಲೇನು ಅಂತಿದ್ರು." ಅವಳು ಪೇಪರ್ ಬೀಸುವುದನ್ನು ನಿಲ್ಲಿಸಿರಲಿಲ್ಲ. "ಐದನೇ ದಿನ ಬಾಂಡೆ ತಿಕ್ಕಾಕ ಬರಾಕಿ ನನ್ನ ಮಾರಿ ನೋಡಿ ಕೇಳಿದ್ಳು. ಆಕಿ ಸ್ಟೂಲ್ ಹತ್ತಿ ಇಳಿಸಿಕೊಟ್ಳು. ಎರಡು ಗುಳಿಗಿ ತಗೊಂಡ ಮ್ಯಾಲ ಗಂಜಿ ಒಳಗ ಇಳೀತು."

ನಲವತ್ತು ವರ್ಷದಲ್ಲಿ ಅವ್ವ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಅವಳ ಕೈಯಿಂದ ಪೇಪರ್ ತೆಗೆದುಕೊಂಡು ನಾನು ಗಾಳಿ ಹಾಕಿದೆ.

ಒಂದೂವರೆಗೆ ಗಂಜಿ ಹಾಕಿದೆವು. ಅವ್ವ ಟವೆಲಿನಲ್ಲಿ ಸುತ್ತಿ ಹಿಡಿದಳು, ನಾನು ಒಂದೊಂದೇ ಹನಿ ಬಿಟ್ಟೆ. ಮೊದಲನೆಯದು ಹೊರಗೆ ಬಂತು. ಎರಡನೆಯದನ್ನು ಅದು ಬಾಯಲ್ಲಿ ಇಟ್ಟುಕೊಂಡು ಸುಮ್ಮನಿತ್ತು. ಆಮೇಲೆ ಗಲ್ಲ ಆಡಿತು, ನುಂಗಿತು. ಹೊಟ್ಟೆ ಸವರಿದೆ. ಕಿವಿ ಇಟ್ಟು ಕೇಳಿದೆ. ಓಡುವ ಎದೆಬಡಿತ ಬಿಟ್ಟು ಏನೂ ಕೇಳಿಸಲಿಲ್ಲ. ಎರಡಕ್ಕೆ ಇನ್ನೊಮ್ಮೆ, ಎರಡೂವರೆಗೆ ಇನ್ನೊಮ್ಮೆ. ಹೊಟ್ಟೆ ಮೊದಲಿಗಿಂತ ಬಿಗಿಯಾಗಿದೆಯೋ ನನ್ನ ಕೈಗೇ ಹಾಗನ್ನಿಸುತ್ತಿದೆಯೋ ಗೊತ್ತಾಗಲಿಲ್ಲ. ಕಾರಿನ ಕೀಲಿ, ಬುಟ್ಟಿ, ಟವೆಲು ಬಾಗಿಲ ಹತ್ತಿರ ಇಟ್ಟೆ.

ಮೂರಕ್ಕೆ ಅವ್ವ ಬಗ್ಗಿ ತನ್ನ ಕಿವಿಯನ್ನು ಅದರ ಪಕ್ಕೆಗೆ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ನಾನು ಅವಳ ಮುಖ ನೋಡುತ್ತಿದ್ದೆ.

"ಗುಳುಗುಳು ಅಂತು," ಎಂದಳು.

"ಖರೇ?"

"ನೀನ ಕೇಳು."

ಕೇಳಿದೆ. ದೂರದಲ್ಲಿ ಯಾರೋ ಕೊಡದಿಂದ ನೀರು ಬಗ್ಗಿಸಿದಂತೆ ಒಂದು ಸಣ್ಣ ಸದ್ದು, ನಿಂತು, ಮತ್ತೊಂದು. ಹಲ್ಲು ಕಡಿಯುವುದು ಯಾವಾಗಲೋ ನಿಂತಿತ್ತು, ನಾವು ಗಮನಿಸಿರಲಿಲ್ಲ. ಅವ್ವ ಎದ್ದು ಕೆಳಗೆ ಹೋಗಿ, ಕಟ್ಟಡದ ಹಿಂದಿನ ಖಾಲಿ ಜಾಗದಿಂದ ಒಂದು ಹಿಡಿ ಎಳೆ ಗರಿಕೆ ಕಿತ್ತು ತೊಳೆದು ತಂದಳು. ಮೊಲ ಮೂಸಿತು, ತಿನ್ನಲಿಲ್ಲ. ಮತ್ತೆ ಮೂಸಿತು. ಒಂದು ಎಳೆ ಹಲ್ಲಿಗೆ ಸಿಕ್ಕಿಸಿಕೊಂಡು, ಅದು ಬಾಯೊಳಗೆ ಪೂರ್ತಿ ಹೋಗುವ ತನಕ ಅಗಿಯಿತು.

ಮೂರೂಮುಕ್ಕಾಲಿಗೆ ನನ್ನ ಗಂಡ ಶಿಫ್ಟ್ ಮುಗಿಸಿ ಬಂದು ಬಾಗಿಲು ತೆರೆದಾಗ ಅವ್ವ, ನಾನು ಇಬ್ಬರೂ ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿ ಚಾದರ ನೋಡುತ್ತಿದ್ದೆವು. ಅಲ್ಲಿ ಮೂರು ಹಿಕ್ಕೆ ಬಿದ್ದಿದ್ದವು. ಸಣ್ಣವು, ಸೊಟ್ಟವು, ಕೂದಲಿನ ಎಳೆಯಿಂದ ಒಂದಕ್ಕೊಂದು ಅಂಟಿಕೊಂಡವು.

"ಏನಾತ್ರಿ ಅತ್ತಿ?" ಎಂದು ಗಾಬರಿಯಿಂದ ಕೇಳಿದರು.

"ಹಿಕ್ಕಿ ಹಾಕ್ಯಾಳ್ರಿ!" ಎಂದಳು ಅವ್ವ. ಅಳಿಯನ ಎದುರು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಸಂಜೆ ಮಗಳಿಗೆ ಫೋನ್ ಮಾಡಿ ಇಡೀ ದಿನದ ನಿಜ ಹೇಳಿದೆ. ಅವಳು ಸಿಟ್ಟಾದಳು, ಅತ್ತಳು, ಅಜ್ಜಿಗೆ ಕೊಡು ಎಂದಳು. ಇನ್ನೂ ಎರಡು ದಿನ ಗಂಜಿ ಹಾಕಬೇಕಾಯಿತು. ಭಾನುವಾರ ಅದು ತಾನಾಗಿ ಹುಲ್ಲಿನ ತಟ್ಟೆಗೆ ಹೋಯಿತು.

ಹತ್ತನೆಯ ದಿನ ಗಾಯ ತೋರಿಸಲು ಪಣಜಿಗೆ ಹೋದೆವು. ಚೆನ್ನಾಗಿ ಮಾಗಿದೆ ಎಂದರು ಡಾಕ್ಟರು. ಹೊರಡುವಾಗ ಅವ್ವ ನನ್ನ ತೋಳು ಹಿಡಿದಳು.

"ಅದನ್ನ ತಗೀಲೇಬೇಕಿತ್ತೇನ, ಒಳಗ ಏನಿತ್ತು, ಕೇಳು."

ಕೇಳಿದೆ. ಡಾಕ್ಟರು ತಮ್ಮ ಫೋನಿನಲ್ಲಿ ಒಂದು ಫೋಟೋ ತೆಗೆದು ಅವ್ವನ ಕೈಗೇ ಕೊಟ್ಟರು. ಮೊಲದ ಗರ್ಭಕೋಶವೆಂದರೆ ಎರಡು ತೆಳು ಕೊಳವೆಗಳು, ಅವುಗಳಲ್ಲಿ ಒಂದರ ಉದ್ದಕ್ಕೂ ಮಣಿ ಪೋಣಿಸಿದಂತೆ ಗಂಟುಗಳು. ಇನ್ನೊಂದು ವರ್ಷ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದು ಬೆರಳಿಟ್ಟು ತೋರಿಸಿದರು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು.

ಕಾರಿನಲ್ಲಿ ಕೂತ ಮೇಲೆ ಹೇಳಿದಳು, "ನಂದು ಯಾಕ ತಗದ್ರಂತ ನನಗ ಇನ್ನೂ ಗೊತ್ತಿಲ್ಲ ನೋಡು. ಭಾಳ ಮುಟ್ಟು ಹೋಗತಿತ್ತು. ನಿಮ್ಮಪ್ಪ ಸಹಿ ಮಾಡಿದ್ರು. ಒಳಗ ಏನಿತ್ತಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

"ಕಾಗದ ಏನರ ಅದಾವೇನವ್ವ ಮನ್ಯಾಗ?"

"ಇದ್ರೂ ಇರಬೇಕು. ಟ್ರಂಕಿನ್ಯಾಗ ನೋಡಬೇಕು."

ಆಮೇಲೆ ಅವಳು ಆ ವರ್ಷದ್ದೆಲ್ಲ ಹೇಳತೊಡಗಿದಳು. ಫೋಂಡಾ ದಾರಿಯ ಬಾಣಸ್ತಾರಿ ಸೇತುವೆ ದಾಟಿದರೂ ಮುಗಿದಿರಲಿಲ್ಲ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರು. ಅವರಿಗೆ ದಾರಿ ಬಿಟ್ಟು, ನಾನು ಎಡಕ್ಕೆ ಸರಿದು ನಿಧಾನವಾಗಿ ನಡೆಸಿದೆ.